ಅಲುಗಾಡದ ದೋಣಿ

ಗುಬ್ಬೀ,

ಇದು ನಿನ್ನ ಕೈ ಸೇರುವುದಿಲ್ಲ.

ಹಾಸ್ಟೆಲಿನಲ್ಲಿ ಓದುವಾಗ ನಾವಿಬ್ಬರೂ ಆರಿಸಿಟ್ಟ ದ್ವೀಪಕ್ಕೆ ಈ ವರ್ಷವಾದರೂ ನಿನ್ನನ್ನು ಕರೆದೊಯ್ಯೋಣವೆಂದು ಇವತ್ತು ಟ್ರಾವೆಲ್ ಆಫೀಸಿಗೆ ಹೋಗಿದ್ದೆ. ದೋಣಿ ಹತ್ತಿದರೆ ನಿನಗೆ ವಾಂತಿ ಎಂದು ಇಷ್ಟು ವರ್ಷ ನಾನೂ ಹೋಗಿರಲಿಲ್ಲ. ಹೆಚ್ಚು ಅಲುಗಾಡದ ದೋಣಿ ಇದೆಯೇ ಎಂದು ಕೇಳಿದೆ.

"ಹೆದರ್ಬೇಡಿ ಮೇಡಂ, ದೋಣಿ ಅಷ್ಟೇನೂ ಅಲುಗಾಡಲ್ಲ," ಎಂದಳು ಅಲ್ಲಿದ್ದ ಹುಡುಗಿ. "ಅಲ್ಲಿ ಒಂದು ಕಾರಿಲ್ಲ, ಹಾರ್ನಿಲ್ಲ. ಬರಿಗಾಲಲ್ಲೇ ಓಡಾಡ್ಕೊಂಡಿರ್ಬಹುದು. ಹೋದ ತಿಂಗಳು ಹೋದವರನ್ನ ನೋಡಿ."

ಅವಳ ಫೋನಿನಲ್ಲಿ ನೀನಿದ್ದೆ. ದೋಣಿಯ ಮುಂತುದಿಯಲ್ಲಿ ನಿಂತು ನಗುತ್ತಿದ್ದೆ. ಪಕ್ಕದಲ್ಲಿ ನಿನ್ನ ನಾದಿನಿ. "ಅವಳ ಜೊತೆ ಬೀದಿ ತುದಿಗೂ ಹೋಗಲಾರೆ ಕಣೇ" ಎನ್ನುತ್ತಿದ್ದೆಯಲ್ಲ, ಅವಳೇ.

"ಮುಂದೆ ನಗ್ತಾ ನಿಂತಿರೋ ಈ ಆಂಟಿ ಸಕತ್ ತಮಾಷೆ. ಅವರಿಗೊಬ್ರು ಫ್ರೆಂಡ್ ಇದ್ದಾರಂತೆ. ಅವಳ್ನ ಕರ್ಕೊಂಡ್ಬಂದ್ರೆ ಅಲೆಗಳಿಗೂ ಪದ್ಯ ಓದಿ ಹೇಳ್ತಾಳೆ ಅಂತ ಎಲ್ರನ್ನೂ ನಗಿಸಿದ್ರು!"

ನಾನೂ ನಕ್ಕೆ. ಹಾಸ್ಟೆಲಿನಲ್ಲಿ "ಇನ್ನೊಂದು ಪದ್ಯ ಓದೇ" ಎಂದು ದೀಪ ಆರಿಸಲು ಬಿಡದೆ ಕಾಡುತ್ತಿದ್ದವಳು ನೀನು.

"ಇವರು ನಿಮಗೆ ಗೊತ್ತಾ ಮೇಡಂ?"

ಇಲ್ಲ ಎಂದೆ. ಸುಳ್ಳು ಹೇಳಿದೆ ಎಂದು ಮನೆ ತಲುಪಿದ ಮೇಲೂ ಅನ್ನಿಸಲಿಲ್ಲ.