ಕಾಲುವೆಯ ಈಚೆಗೆ ಇಲ್ಲದ ಹಂದಿ

ವನ್ಯಜೀವಿ ಅಧಿಕಾರಿಗಳಾದ ಮಾನ್ಯರೇ,

ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಭಾವ ಬಲೆ ಹಿಡಿದು ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಪೊದೆಗೆ ಇಳಿಯಬೇಕಾಗಿದೆ. ಅವರು ನಗರಸಭೆಯಲ್ಲಿ ಬೀದಿ ಪ್ರಾಣಿಗಳನ್ನು ಹಿಡಿಯುವ ಕೆಲಸದವರು. ಪೊದೆಯಲ್ಲಿರುವುದೋ ಮರಿ ಹಾಕಿದ ಕಾಡುಹಂದಿ. ಇದನ್ನು ತಮ್ಮ ಕಚೇರಿ ಒಪ್ಪುತ್ತಿಲ್ಲ.

ಕಳೆದ ವಾರ ನಾವಿಬ್ಬರೂ ತಮ್ಮ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದೆವು. ಅವರು ನಕಾಶೆಯ ಮೇಲೆ ಬೆರಳಿಟ್ಟರು. "ನೋಡಿ ಸ್ವಾಮಿ, ಕಾಡುಹಂದಿ ಇರೋದು ಕಾಲುವೆ ಆಚೆ. ಈಚೆ ಇರೋದೆಲ್ಲ ಬೀದಿ ಹಂದಿ, ನಗರಸಭೆಯದ್ದು."

"ಮರಿಗಳ ಮೈಮೇಲೆ ಕಾಡುಹಂದಿ ಮರಿಗಿರೋ ಪಟ್ಟೆ ಇದೆಯಲ್ಲ ಸಾರ್?" ಎಂದರು ಭಾವ.

"ಪಟ್ಟೆ ಇರಲಿ, ಕಿರೀಟ ಇರಲಿ. ನಕಾಶೆಯಲ್ಲಿ ಇಲ್ಲ ಅಂದ್ರೆ ಇಲ್ಲ."

ಕಾಗದದ ಮೇಲೆ ಇಷ್ಟು ನಿಷ್ಠೆ ಇರುವ ಕಚೇರಿಯನ್ನು ಹೊಗಳಬೇಕೆಂದಿದ್ದೆ. ಆಗಲಿಲ್ಲ. ಆ ನಕಾಶೆ ಬರೆದವನು ನಾನು.

ಹತ್ತೊಂಬತ್ತು ವರ್ಷಗಳ ಹಿಂದೆ ತಮ್ಮಲ್ಲೇ ನಕಾಶೆಗಾರನಾಗಿದ್ದೆ. ಹಂದಿ ಕಂಡ ಜಾಗಗಳಿಗೆಲ್ಲ ಚುಕ್ಕಿ ಇಟ್ಟಾಗ ಮೂರು ಚುಕ್ಕಿ ಕಾಲುವೆಯ ಈಚೆ ಬಿದ್ದವು. ಕಾಲುವೆಯ ನೀಲಿ ಗೆರೆ ಆಗಲೇ ಸೊಗಸಾಗಿ ಒಣಗಿತ್ತು. ಅದನ್ನೇ ಎಲ್ಲೆ ಮಾಡಿದರೆ ಹಾಳೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮೂರು ಚುಕ್ಕಿಗಳನ್ನು ಬ್ಲೇಡಿನಿಂದ ಕೆರೆದೆ. ಮೇಲಿನವರು "ನೀಟಾಗಿದೆ" ಎಂದರು. ನನಗೆ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದು ಈಗ ಕಷ್ಟ.

ಹಂದಿ ಸರಾಗವಾಗಿ ಈಜುತ್ತದೆ ಎಂಬುದು ತಮಗೆ ತಿಳಿಯದೇ? ಕಚೇರಿಯಿಂದ ಮರಳುವಾಗ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಭಾವ ರಸ್ತೆಯಲ್ಲೇ ನಿಂತು ನಕ್ಕರು. "ಲೋ ಗೆರೆರಾಯ, ಹಂದಿಗೆ ಕಣ್ಣು ಮಂದ ಕಣೋ. ಮೂಗೊಂದೇ ಚುರುಕು. ನಿನ್ನ ಗೆರೆ ಅದಕ್ಕೆ ಹೇಗೆ ಕಾಣಬೇಕು?"

ಅವರು ಇಟ್ಟಿಗೆ ಗೂಡಿನ ಗೋಡೆ ಹತ್ತಿ ಆ ತಾಯಿ ಹಂದಿಯನ್ನು ನೋಡಿಬಂದಿದ್ದಾರೆ. ಹೆರಿಗೆಗೆ ಮುಂಚೆ ಹೆಣ್ಣು ಹಿಂಡಿನಿಂದ ದೂರ ಬಂದು, ಹುಲ್ಲು ಕಚ್ಚಿ ತಂದು ಹಾಸಿಗೆ ಮಾಡಿಕೊಳ್ಳುತ್ತದಂತೆ. ಹತ್ತಿರ ಹೋದವರ ಮೇಲೆ ಸೀದಾ ಎರಗುತ್ತದೆ. ಗಂಡಾದರೆ ಕೋರೆಯಿಂದ ಸೀಳುತ್ತದೆ, ಹೆಣ್ಣು ಕಚ್ಚುತ್ತದೆ. ಇಷ್ಟೆಲ್ಲ ಹೇಳಿದವರು ಬಲೆಯ ಹರಿದ ಕಣ್ಣುಗಳಿಗೆ ದಾರ ಹಾಕುತ್ತ ಕೂತಿದ್ದರು.

"ಹೋಗಬೇಡಿ ಭಾವ."

"ನಾನು ಹೋಗದಿದ್ರೆ ಬೇರೆ ಯಾರನ್ನಾದ್ರೂ ಕಳಿಸ್ತಾರೆ. ಅವರಿಗೆ ಯಾವ ಹಂದಿಯಾದ್ರೂ ಹಂದಿಯೇ."

ಅಕ್ಕ ಒಳಗಿನಿಂದ, "ನಿನ್ನ ಒಂದು ಗೆರೆಗೆ ಇವರ ಕಾಲು ಹೋಗ್ಬೇಕೇನೋ?" ಎಂದಳು. ನಾನು ದಾರದ ಉಂಡೆ ಹಿಡಿದುಕೊಂಡೆ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಒಂದೆರಡು ವಾರದಲ್ಲಿ ಮರಿಗಳು ತಾಯಿಯ ಹಿಂದೆ ನಡೆಯುವಷ್ಟಾಗುತ್ತವೆ, ಅದು ಅವುಗಳನ್ನು ಕರೆದುಕೊಂಡು ಹಿಂಡು ಸೇರುತ್ತದೆ. ಹದಿನೈದು ದಿನ ಆ ಪೊದೆಗೆ ಯಾರೂ ಹೋಗಬಾರದು ಎಂದು ಸೋಮವಾರಕ್ಕೆ ಮೊದಲು ನಗರಸಭೆಗೆ ಒಂದು ಸಾಲು ಬರೆಯಿರಿ. ನಕಾಶೆ ತಿದ್ದದೆ ಬರೆಯಲಾಗದು ಎನ್ನುವಿರಾದರೆ ಲೇಖನಿಯೊಡನೆ ನಾನೇ ಬರುತ್ತೇನೆ. ಅಂದು ಗುಮಾಸ್ತರು ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿದಾಗ ಕೆರೆದ ಜಾಗಗಳು ಕಂಡವು. ಮೂರೂ ಇವೆ. ಒಂದು ಇಟ್ಟಿಗೆ ಗೂಡಿನ ಹಿಂದೆಯೇ ಇದೆ.

ಇಂತಿ,
ಗೆರೆ ಚೆಂದ ಬರಲೆಂದು ಹಂದಿಗಳನ್ನು ಅಳಿಸಿದವನು