ಮೇಜಿನ ಮೇಲೆ ಮಲಗಿದ್ದ ಚಿಪ್ಪುಮೀನಿನ ವರದಿ

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ಬಂದರಿನ ಬಂಡೆಗಳ ಮೇಲೆ ಬೆಳೆಯುವ ಚಿಪ್ಪುಮೀನಿನಲ್ಲಿ ವಿಷ ಸೇರಿದೆ ಎಂಬ ಪ್ರಯೋಗಾಲಯದ ವರದಿ ತಮ್ಮ ಕಚೇರಿಗೆ ತಲುಪಿದ್ದು ಬುಧವಾರ. ತಾವು ಅದನ್ನು ಊರಿಗೆ ತಿಳಿಸಿದ್ದು ಸೋಮವಾರ. ನನ್ನ ತಂಗಿಯ ಮನೆಯಲ್ಲಿ ಅದನ್ನು ಬೇಯಿಸಿದ್ದು ನಡುವಿನ ಶನಿವಾರ. ತಂಗಿ ಬದುಕಿ ಉಳಿದಳು. ಅವಳ ಅತ್ತೆ ಉಳಿಯಲಿಲ್ಲ.

ನಾನು ಹೆರಿಗೆ ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವವಳು. ಚಿಪ್ಪುಮೀನಿನ ಗುಣಗಾನ ಮಾಡುವ ತಮ್ಮ ಕಚೇರಿಯ ಬಣ್ಣದ ಭಿತ್ತಿಪತ್ರ ನನ್ನ ಕುರ್ಚಿಯ ಹಿಂದೆಯೇ ಅಂಟಿಕೊಂಡಿದೆ. ಅದರಲ್ಲಿ ಬರೆದಿರುವುದೆಲ್ಲ ನಿಜ. ನನ್ನ ಸಂಕಟವೂ ಅದೇ. ಕಬ್ಬಿಣದ ಅಂಶ ಧಾರಾಳ. ರಕ್ತಕ್ಕೂ ನರಗಳಿಗೂ ಬೇಕಾದ ಬಿ-12 ಒಂದು ಹಿಡಿಯಲ್ಲೇ ದಿನದ ಅಗತ್ಯವನ್ನು ಮೀರುತ್ತದೆ. ಕೊಬ್ಬು ಕಡಿಮೆ, ಪ್ರೋಟೀನು ಮಾಂಸಕ್ಕೆ ಸರಿಸಮ, ಜೊತೆಗೆ ಹೃದಯಕ್ಕೆ ಹಿತವಾದ ಒಮೆಗಾ-3. ನನ್ನ ತಂಗಿ ದರ್ಜಿ. ಎರಡನೇ ಹೆರಿಗೆಯಾದ ಮೇಲೆ ಅವಳ ಹಿಮೋಗ್ಲೋಬಿನ್ ಏಳಕ್ಕಿಳಿದಿತ್ತು. ಹೊಲಿಗೆ ಯಂತ್ರದ ಮುಂದೆ ಕೂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮಾತ್ರೆ ಅವಳ ಹೊಟ್ಟೆಗೆ ಒಗ್ಗಲಿಲ್ಲ. ವಾರಕ್ಕೆರಡು ಸಲ ಚಿಪ್ಪುಮೀನು ತಿನ್ನು ಎಂದವಳು ನಾನೇ. ನಾಲ್ಕು ತಿಂಗಳಲ್ಲಿ ಅವಳ ಮುಖಕ್ಕೆ ಬಣ್ಣ ಬಂತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಬಿಟ್ಟಳು.

ಅವಳಿಗೆ ಅದನ್ನು ತಂದುಕೊಡುತ್ತಿದ್ದವರು ಐವತ್ತು ವರ್ಷಗಳಿಂದ ಬಂಡೆಯ ಬುಡಕ್ಕೆ ಮುಳುಗಿ ಚಿಪ್ಪು ಕಿತ್ತು ತರುವ ಹಿರಿಯರು. ಊರೆಲ್ಲ ಅವರನ್ನು ಮುಳುಗಜ್ಜ ಎನ್ನುತ್ತದೆ. ಆ ವಾರ ಅವರು ಬರಿಗೈಯಲ್ಲಿ ಬಂದರು. ನೀರು ಕೆಂಪಗೆ ತಿರುಗಿದೆ, ಸಣ್ಣ ಮೀನುಗಳು ಸತ್ತು ತೇಲುತ್ತಿವೆ, ನಾನಂತೂ ಇಳಿಯುವುದಿಲ್ಲ ಎಂದರಂತೆ. ಇದನ್ನೇ ಹೇಳಲು ತಮ್ಮ ಕಚೇರಿಗೂ ಹೋಗಿದ್ದರು. ನೀರಿನ ಬಣ್ಣದ ಬಗ್ಗೆ ದೂರು ತೆಗೆದುಕೊಳ್ಳಲು ನಮೂನೆ ಇಲ್ಲವೆಂದು ಕಿಟಕಿಯಲ್ಲಿದ್ದವರು ವಾಪಸು ಕಳಿಸಿದರು. ಸಮುದ್ರಕ್ಕೆ ಈ ನಿಯಮ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಶನಿವಾರ ಬೆಳಿಗ್ಗೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಅಜ್ಜ ನೀರು ಸರಿಯಿಲ್ಲ ಅಂತಿದ್ದಾರೆ. ಮಾರ್ಕೆಟ್ಟಲ್ಲಿ ಬೇರೆಯವರು ಮಾರ್ತಿದ್ದಾರೆ. ತರಲಾ, ಬೇಡ್ವಾ?"

ನಾನು ಓದಿದವಳು. ತಮ್ಮ ಕಚೇರಿಯ ಪ್ರಕಟಣೆಗಳನ್ನು ಮೊಬೈಲಿನಲ್ಲಿ ತೆರೆದು ನೋಡಿದೆ. ಎಚ್ಚರಿಕೆ ಒಂದೂ ಇರಲಿಲ್ಲ. "ತಗೊಂಡು ಬಾ, ಚೆನ್ನಾಗಿ ಬೇಯಿಸು" ಎಂದೆ.

ಚೆನ್ನಾಗಿಯೇ ಬೇಯಿಸಿದಳು. ಆದರೆ ಬೇಯಿಸಿದರೆ ಸಾಯುವುದು ಕ್ರಿಮಿ. ನೀರನ್ನು ಕೆಂಪಾಗಿಸುವ ಪಾಚಿಯ ಈ ವಿಷಕ್ಕೆ ಬೆಂಕಿಯ ಭಯವಿಲ್ಲ. ಚಿಪ್ಪುಮೀನು ದಿನವಿಡೀ ನೀರು ಸೋಸಿ ಬದುಕುವ ಜೀವಿ. ನೀರಿನಲ್ಲಿ ಒಳ್ಳೆಯದಿದ್ದರೆ ಅದನ್ನು ಕೂಡಿಡುತ್ತದೆ, ಕೆಟ್ಟದ್ದಿದ್ದರೆ ಅದನ್ನೂ ಕೂಡಿಡುತ್ತದೆ. ಇದು ತಮಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು.

ಅತ್ತೆಗೆ ಹಲ್ಲಿರಲಿಲ್ಲ. ಬೇಯಿಸಿದ ರಸವನ್ನಷ್ಟೇ ಎರಡು ಲೋಟ ಕುಡಿದರು. ವಿಷ ರಸಕ್ಕೂ ಇಳಿದಿತ್ತು. ಅರ್ಧ ಗಂಟೆಯಲ್ಲಿ ತುಟಿ ಜುಮ್ಮೆನ್ನುತ್ತಿದೆ ಎಂದರು. ಖಾರ ಜಾಸ್ತಿಯಾಯಿತೇನೋ ಎಂದುಕೊಂಡಳು ತಂಗಿ. ಅಷ್ಟರಲ್ಲಿ ಅವಳ ಬೆರಳುಗಳೂ ಮರಗಟ್ಟತೊಡಗಿದವು. ನಾನು ಹೋಗುವ ಹೊತ್ತಿಗೆ ಅತ್ತೆ ಅಡುಗೆಮನೆಯ ನೆಲದ ಮೇಲಿದ್ದರು. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿದ್ದರು. ಎದೆ ಮಾತ್ರ ಏಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತಂಗಿಯ ಪರವಾಗಿ ಯಂತ್ರವೊಂದು ಎರಡು ದಿನ ಉಸಿರಾಡಿತು.

ಸೋಮವಾರ ತಮ್ಮ ಪ್ರಕಟಣೆ ಬಂತು. ವರದಿ ಕೈಸೇರಿದ ದಿನಾಂಕ ಅದರ ಕೆಳಗೇ ಇತ್ತು. ಆ ಪ್ರಾಮಾಣಿಕತೆಗೆ ಧನ್ಯವಾದ. ತಡವೇಕೆ ಎಂದು ಕೇಳಿದ್ದಕ್ಕೆ, ತಾವು ಪೌಷ್ಟಿಕ ಆಹಾರದ ಕಾರ್ಯಾಗಾರಕ್ಕೆ ಹೋಗಿದ್ದಿರಿ, ಸಹಿ ಬಾಕಿಯಿತ್ತು ಎಂದರು ತಮ್ಮ ಕಚೇರಿಯವರು. ಒಂದು ಸಹಿ ಇಲ್ಲದೆ ವಿಷ ಅಧಿಕೃತವಾಗುವುದಿಲ್ಲವೇ? ಮಾರ್ಕೆಟ್ಟಿನಲ್ಲಿ ಒಂದು ಹಲಗೆ ನಿಲ್ಲಿಸಲು ತಮ್ಮ ಕಚೇರಿಯಲ್ಲಿ ಕೈಗಳೇ ಇರಲಿಲ್ಲವೇ?

ಮಾರಾಟ ನಿಲ್ಲಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ನನ್ನ ಕೋಣೆಗೆ ಬರುವ ಬಡ ಬಸುರಿಯರಿಗೆ ಆ ಕಬ್ಬಿಣ, ಆ ಬಿ-12 ಬೇಕು. ನೀರನ್ನು ವಾರವಾರವೂ ಪರೀಕ್ಷಿಸಿ. ಫಲಿತಾಂಶ ಬಂದ ಗಂಟೆಯಲ್ಲೇ, ಯಾರ ಸಹಿಗೂ ಕಾಯದೆ, ಅದನ್ನು ಬಂದರಿನಲ್ಲೂ ಮಾರ್ಕೆಟ್ಟಿನಲ್ಲೂ ಹಾಕಿಸಿ. ಮುಳುಗುವವರು ಬಂದು ಹೇಳಿದರೆ ಕಿವಿಗೊಟ್ಟು ಬರೆದುಕೊಳ್ಳಿ.

ನಿನ್ನೆಯಿಂದ ನೀರಿಗೆ ಮತ್ತೆ ಕೆಂಪು ಏರುತ್ತಿದೆ. ತಮ್ಮ ಪ್ರಕಟಣೆಯ ಪುಟ ಖಾಲಿಯಿದೆ. ಇಂದು ಬೆಳಿಗ್ಗೆ ಏಳು ತಿಂಗಳ ಬಸುರಿಯೊಬ್ಬಳು ಭಿತ್ತಿಪತ್ರ ತೋರಿಸಿ, "ಇದನ್ನ ತಿನ್ನಬಹುದಾ, ಮೇಡಂ?" ಎಂದಳು. ಸದ್ಯಕ್ಕೆ ಬೇಡ ಎಂದೆ. ಎಲ್ಲಿಯವರೆಗೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗುರುವಾರ ಅವಳು ಮತ್ತೆ ಬರುತ್ತಾಳೆ. ಅಷ್ಟರೊಳಗೆ ಉತ್ತರ ಕೊಡಿ.

ಇಂತಿ,
ಅಜ್ಜನ ಮಾತಿಗಿಂತ ತಮ್ಮ ಮೌನವನ್ನು ನಂಬಿದವಳು