ಅತ್ತೆ ಹತ್ತಿದರೆ ಬ್ರೇಕ್ ಹಿಡಿಯುತ್ತೆ

ಮನೆಯಿಂದ,
ಭಾನುವಾರ ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಅಂತ ಬರೆದಿದ್ದೆಯಲ್ಲ, ಗಾಯ ಒಣಗಿತಾ? ಮುಲಾಮು ಹಚ್ಚುತ್ತಿದ್ದೀಯಾ, ಇಲ್ಲ ಯಥಾಪ್ರಕಾರ ಸೋಮಾರಿತನವಾ? ಅಮ್ಮ ದಿನಾ ಅದನ್ನೇ ಕೇಳ್ತಾಳೆ. ನಾವೆಲ್ಲ ಚೆನ್ನಾಗಿದ್ದೇವೆ. ನನಗಂತೂ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಕಣೋ! ಅಕ್ಷರ ಸೊಟ್ಟಗಿದ್ದರೆ ಬೈಬೇಡ, ಕೈಯಿಂದ ಬ್ರೇಕ್ ಎಣ್ಣೆ ವಾಸನೆ ಇನ್ನೂ ಹೋಗಿಲ್ಲ.

ನೀನು ಹೋದಾಗಿನಿಂದ ನಮ್ಮ ಹಳೇ ಪಿಕಪ್ಪು ಶೆಡ್ಡಿನಲ್ಲೇ ಬಿದ್ದಿತ್ತಲ್ಲ. ಚಿಕ್ಕಂದಿನಿಂದ ಆ ಸ್ಟೇರಿಂಗಿನ ಮೇಲೆ ನನಗೆಷ್ಟು ಆಸೆ ಅಂತ ನಿನಗಿಂತ ಯಾರಿಗೆ ಗೊತ್ತು? ಲೈಸೆನ್ಸ್ ಕೈಗೆ ಬಂದ ದಿನವೇ ಅಪ್ಪನಿಗೆ ಹೇಳಿಬಿಟ್ಟೆ, ಅಪ್ಪಾ, ನೀನು ಮಾಡಿದ ಬೀರು, ಮಂಚ ಎಲ್ಲಾ ಇನ್ಮೇಲೆ ಗಿರಾಕಿಗಳ ಮನೆಗೆ ನಾನೇ ಮುಟ್ಟಿಸ್ತೀನಿ ಅಂತ. ಅಪ್ಪನದು ಒಂದೇ ಮಾತು: ಬ್ರೇಕ್ ಹಿಡಿದರೆ ಗಾಡಿ ನಿನ್ನದು, ಹಿಡಿಯದಿದ್ದರೆ ಶನಿವಾರ ಗುಜರಿಗೆ. ಹಿಂದಿನ ಚಕ್ರಗಳ ತುಕ್ಕು ಹಿಡಿದ ಬ್ರೇಕ್ ಪೈಪು ಬದಲಾಯಿಸಿದಾಗ ಒಳಗೆ ಗಾಳಿ ಸೇರಿಕೊಂಡಿತ್ತು. ಅದು ಹೋಗೋವರೆಗೆ ಬ್ರೇಕ್ ಹಿಡಿಯಲ್ಲ. ನಾನು ಪೆಡಲ್ ತುಳಿದು ಹಿಡಿಯೋದು, ಅಪ್ಪ ಚಕ್ರದ ಹಿಂದಿನ ನಿಪ್ಪಲ್ ಅನ್ನೋ ಪುಟ್ಟ ತಿರುಪು ಸಡಿಲಿಸಿ ಗಾಳಿ ಬಿಡೋದು. ಒತ್ತು, ಹಿಡಿ, ಬಿಡು! ವಾರವಿಡೀ ಇದೇ ಪಾರಾಯಣ. ಮುಂದಿನ ಚಕ್ರಗಳು ಸರಿಹೋದವು. ಹಿಂದಿನವು ಜಪ್ಪಯ್ಯ ಅಂದ್ರೂ ಬಗ್ಗಲಿಲ್ಲ. ನಿಪ್ಪಲ್ ಸಡಿಲಿಸಿದರೂ ಎಣ್ಣೆ ಹನಿ ಹನಿಯಷ್ಟೇ ತೊಟ್ಟಿಕ್ಕುತ್ತಿತ್ತು, ಪೆಡಲ್ ತುಳಿದರೆ ದಿಂಬು ತುಳಿದ ಹಾಗೆ. ಮೂಲೆ ಗ್ಯಾರೇಜಿನವನು ಬಂದು ತಲೆ ಕೆರೆದುಕೊಂಡು ಹೋದ.

ಅಪ್ಪನ ಕೆಲಸದ ರೀತಿ ಗೊತ್ತಲ್ಲ, ಬಡಗಿ ಬುದ್ಧಿ! ಕುರ್ಚಿಯಾಗಲಿ ಬಾಗಿಲಾಗಲಿ, ಮೊದಲು ಎತ್ತಿ ಮೇಲಿಡಬೇಕು. ಪಿಕಪ್ಪನ್ನೂ ಬಿಡಲಿಲ್ಲ. ಹಿಂಭಾಗಕ್ಕೆ ಜ್ಯಾಕ್ ಹಾಕಿ ಎತ್ತಿ, ಚಾಸಿಯ ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದ. ಹಿಂದಿನ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಅದರಲ್ಲೇನೋ ತಪ್ಪಿದೆ ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ.

ನಿನ್ನೆ ಶನಿವಾರ ಅಪ್ಪ ಕೈಚೆಲ್ಲಿದ. ಗುಜರಿಯವನು ಎಳೆದುಕೊಂಡು ಹೋಗಲಿ ಅಂತ ದಿಮ್ಮಿ ತೆಗೆದು ಗಾಡಿ ಕೆಳಗಿಳಿಸಿದ. ನನಗೆ ಅಳು ತಡೆಯೋಕಾಗಲಿಲ್ಲ. ಅದನ್ನು ನೋಡಿ ಸೋದರತ್ತೆಗೆ ರೋಷ ಉಕ್ಕಿತು ನೋಡು! ಸ್ಟೂಲ್ ಹಾಕಿಕೊಂಡು ಹಿಂದುಗಡೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತು, ಹುಡುಗಿ ಅಳ್ತಾ ಇದ್ರೂ ನಿನಗೆ ಕರುಳು ಚುರುಕ್ ಅನ್ನಲ್ವೇನೋ, ಗುಜರಿಯವನು ನನ್ನನ್ನೂ ಸೇರಿಸಿ ತೂಗಲಿ ಅಂತ ಅಪ್ಪನಿಗೆ ದಬಾಯಿಸಿದಳು. ಅತ್ತೆ ಕೂತರೆ ಸಾಮಾನ್ಯವೇ! ಗಾಡಿಯ ಹಿಂಭಾಗ ಕಿರ್ರೆಂದು ಕುಸಿಯಿತು. ನಾನೂ ಹಠಕ್ಕೆ ಬಿದ್ದು, ಇದೊಂದೇ ಸಲ ಅಂತ ಪೆಡಲ್ ತುಳಿದೆ. ಅಪ್ಪ ಗೊಣಗುತ್ತಾ ಕೆಳಗೆ ನುಸುಳಿ ನಿಪ್ಪಲ್ ಸಡಿಲಿಸಿದ. ಪುಸ್ ಪುಸ್ ಅಂತ ಗುಳ್ಳೆ, ಅದರ ಹಿಂದೆಯೇ ಎಣ್ಣೆ ಚಿಮ್ಮಿ ಅಪ್ಪನ ಅಂಗಿ ತೋಳೆಲ್ಲ ಒದ್ದೆ! ಅತ್ತೆ ಗಾಬರಿಯಿಂದ ಎದ್ದಳು, ಎಣ್ಣೆ ಕಮ್ಮಿಯಾಯಿತು. ಕೂತಳು, ಮತ್ತೆ ಹರಿಯಿತು. ಅಪ್ಪ ಕೆಳಗಿನಿಂದಲೇ ಅರಚಿದ: ಅಕ್ಕಾ, ಇಳೀಬೇಡ್ವೇ!

ವಿಷಯ ಇಷ್ಟೇ ಕಣೋ. ಹಿಂದಿನ ಆಕ್ಸಲ್ ಮೇಲೆ ಒಂದು ಪುಟ್ಟ ವಾಲ್ವ್ ಇದೆ. ಹಿಂದೆ ಭಾರ ಇದ್ದರೆ ಎಣ್ಣೆ ಧಾರಾಳವಾಗಿ ಬಿಡುತ್ತೆ, ಇಲ್ಲದಿದ್ದರೆ ಬಿಗಿ ಹಿಡಿಯುತ್ತೆ. ಗಾಡಿ ಎತ್ತಿ ನಿಲ್ಲಿಸಿ ಅದರ ಬಾಯಿ ನಾವೇ ಮುಚ್ಚಿದ್ದೆವು! ಆಮೇಲೆ ಅಮ್ಮನೂ ಹತ್ತಿದಳು, ಹಲಗೆಗಳನ್ನೂ ಹೇರಿದೆವು. ಅತ್ತೆ ಮಹಾರಾಣಿ ಹಾಗೆ ಕೂತು ಅಪ್ಪನಿಗೆ ಅಪ್ಪಣೆ ಕೊಟ್ಟಿದ್ದೇ ಕೊಟ್ಟಿದ್ದು. ಮಧ್ಯಾಹ್ನದ ಹೊತ್ತಿಗೆ ಪೆಡಲ್ ಕಲ್ಲಿನಷ್ಟು ಗಟ್ಟಿ. ಅಂಗಳದಲ್ಲಿ ಓಡಿಸಿ ತುಳಿದೆ, ಗಕ್ಕನೆ ನಿಂತಿತು. ಗುಜರಿಯವನು ತಂದ ಹಗ್ಗ ಸುತ್ತಿಕೊಂಡು ವಾಪಸ್ ಹೋದ.

ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಅತ್ತೆಯ ಆಶೀರ್ವಾದ ವಿಶೇಷವಾಗಿ, ಅದೀಗ ಭಾರೀ ಡಿಮ್ಯಾಂಡಿನಲ್ಲಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಅಯ್ಯೋ, ಹೇಳಲೇಬೇಕಾದ್ದೇ ಬಿಟ್ಟುಹೋಯ್ತು! ನಿನ್ನೆ ಸಂಜೆ ಮೊದಲ ಬೀರು ಹೇರಿಕೊಂಡು ಆಸ್ಪತ್ರೆಯ ಇಳಿಜಾರು ಇಳಿದೆ. ಪಕ್ಕದಲ್ಲಿ ಅಪ್ಪ. ನೀನು ಓಡಿಸುವಾಗ ಬಾಗಿಲ ಹಿಡಿ ಬಿಡದೆ, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾ ಕೂರುತ್ತಿದ್ದನಲ್ಲ? ತಿರುವಿನಲ್ಲಿ ಯಾಕೋ ಸದ್ದೇ ಇಲ್ಲವಲ್ಲ ಅಂತ ನೋಡಿದರೆ, ಬಾಯಿ ತೆರೆದುಕೊಂಡು ಗಡದ್ದಾಗಿ ನಿದ್ದೆ ಹೊಡೀತಿದ್ದಾನೆ ಕಣೋ! ಎಬ್ಬಿಸೋಕೆ ಮನಸ್ಸಾಗಲಿಲ್ಲ. ಗಿರಾಕಿಯ ಮನೆ ದಾಟಿ ಇನ್ನೊಂದು ಸುತ್ತು ಹೊಡೆದುಕೊಂಡು ಬಂದೆ.